ವಕೀಲರ ಫಟಫಟಿಯ ಬ್ಯಾಟರಿ ಕುಡಿದವರು

ನನ್ನನ್ನು ನಂಬಬೇಡಿ. ನಂಬಿ ಕೆಟ್ಟವರು ಗದಗ-ಬೆಟಗೇರಿಯಲ್ಲಿ ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ, ಹೋಗಿ ಕೇಳಿ. ಸ್ಟೇಷನ್ನಿನ ಗಡಿಯಾರ ಮುಂದೆ ಓಡುತ್ತಿದೆ ಎಂದು ಹೇಳಿ ಒಂದಿಡೀ ಮದುವೆಯ ದಿಬ್ಬಣಕ್ಕೆ ಹುಬ್ಬಳ್ಳಿ ರೈಲು ತಪ್ಪಿಸಿದವನು ನಾನು. ಹರ್ತಿಯ ಗೌಡರೊಬ್ಬರ ಬಿಳಿ ಎತ್ತಿಗೆ ಕಾಡಿಗೆಯಲ್ಲಿ ಮಚ್ಚೆ ಬರೆದು, ನಿಮ್ಮ ಎತ್ತು ಕಳುವಾಗಿದೆ ಎಂದು ಅವರ ಕೈಯಿಂದಲೇ ಊರೆಲ್ಲ ಹುಡುಕಿಸಿದವನೂ ನಾನೇ. ಈಗ ಎಂಬತ್ತು ದಾಟಿದೆ. ಹಲ್ಲು ಹೋಗಿವೆ, ನಾಲಿಗೆ ಹೋಗಿಲ್ಲ. ಇಂಥವನು ‘ಅದನ್ನು ನಾನು ಮಾಡಲಿಲ್ಲ’ ಎಂದರೆ ಯಾರು ನಂಬುತ್ತಾರೆ? ಆಗಲೂ ಯಾರೂ ನಂಬಲಿಲ್ಲ. ನೀವೂ ನಂಬಬೇಡಿ. ಆದರೆ ಪೂರ್ತಿ ಓದಿ, ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ತೋರಿಸಿದರೆ ಈ ವಯಸ್ಸಿನಲ್ಲಿ ಮೀಸೆ ಬೋಳಿಸಿಕೊಳ್ಳುತ್ತೇನೆ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ತಂಗಿಯ ಮೊಮ್ಮಗ. ಹೋದ ತಿಂಗಳು ಗದಗಿನಲ್ಲಿ ಅವನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅವನು ಮೋಟರ್ ಸೈಕಲ್ ಗುಂಡಿ ಒತ್ತಿದರೆ ಕಟಕಟ ಎಂದಿತೇ ಹೊರತು ಹೊರಡಲಿಲ್ಲ. ಬ್ಯಾಟರಿ ಇಳಿದುಹೋಗಿತ್ತು. ಅವನು ಗಾಡಿಯನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದ. ನಗುತ್ತ, ‘ಅಜ್ಜಾ, ಏನರ ಕಿತಾಪತಿ ಮಾಡಿದ್ಯೇನು?’ ಎಂದ. ಪಾಪ, ಚೇಷ್ಟೆಗೆ ಕೇಳಿದ್ದು. ನಾನು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಅಂಗಳಕ್ಕೆ ಎಸೆದೆ. ಮನೆಯವರೆಲ್ಲ ಓಡಿ ಬಂದರು. ಮುದುಕನಿಗೆ ಒಂದು ಮಾತಿಗೆ ಇಷ್ಟು ಸಿಟ್ಟು ಯಾಕೆ ಬಂತು ಎಂದು ಯಾರಿಗೂ ತಿಳಿಯಲಿಲ್ಲ. ತಿಳಿಯುವುದು ಹೇಗೆ? ಆ ಮಾತು ಕೇಳಿದವರಲ್ಲಿ ಅವನು ಮೊದಲಿಗನಲ್ಲ.

ಅದು ಏಕೀಕರಣದ ವರ್ಷ. ನಾನು ಗದಗಿನ ಸ್ಟೇಷನ್ ಹತ್ತಿರ ದಾವಲಸಾಬನ ಗ್ಯಾರೇಜಿನಲ್ಲಿ ಮೇಸ್ತ್ರಿ. ಹೆಸರು ಗುಂಡೋ, ಊರವರ ಬಾಯಲ್ಲಿ ಗುಂಡ್ಯಾ. ಹುಟ್ಟಿದ್ದು ಲಕ್ಷ್ಮೇಶ್ವರದ ಪೂಜಾರಿಗಳ ಮನೆಯಲ್ಲಿ. ಅಪ್ಪ ದೇವರ ಪೂಜೆಯ ಪಾಳಿ ಹಿಡಿದವನು. ಮಗ ಮಂತ್ರ ಕಲಿಯಲಿ ಎಂದು ಅವನ ಆಸೆ, ನನಗೆ ಎಂಜಿನ್ ಬಿಚ್ಚುವ ಆಸೆ. ನಾನು ಹುಟ್ಟುವಾಗ ಲಕ್ಷ್ಮೇಶ್ವರ ಒಬ್ಬ ರಾಜನದು, ಅವ್ವನ ತವರು ಶಿರಹಟ್ಟಿ ಇನ್ನೊಬ್ಬ ರಾಜನದು, ಗದಗ ಇಂಗ್ಲಿಷರದು, ಮುಂಡರಗಿ ದಾಟಿ ಮೂಡಣಕ್ಕೆ ಹೋದರೆ ನಿಜಾಮನದು. ಎತ್ತಿನ ಬಂಡಿ ಒಂದು ದಿನ ನಡೆದರೆ ನಾಲ್ಕು ಸರಕಾರ ದಾಟುತ್ತಿತ್ತು, ಮಾತು ಮಾತ್ರ ಕನ್ನಡವೇ. ರಾಜರು ಹೋದರು, ಇಂಗ್ಲಿಷರು ಹೋದರು, ಆದರೂ ನಾವು ಮುಂಬೈಯ ಬಾಲವಾಗಿಯೇ ಇದ್ದೆವು. ಕನ್ನಡದವರೆಲ್ಲ ಒಂದೇ ಮನೆಯಲ್ಲಿರಬೇಕು ಎಂದು ಊರೂರಲ್ಲಿ ಸಭೆಗಳು ನಡೆಯುತ್ತಿದ್ದವು.

ನಮ್ಮ ಕಡೆ ಆ ಸಭೆಗಳ ದೊಡ್ಡ ಗಂಟಲು ನರಸಿಂಗರಾವ್ ವಕೀಲರದು. ಕೋರ್ಟಿನಲ್ಲಿ ಅಷ್ಟೇನೂ ನಡೆಯದ ವಕೀಲಿ, ಆದರೆ ಕಟ್ಟೆ ಹತ್ತಿ ನಿಂತರೆ ಬೇವಿನ ಮರದ ಕಾಗೆಗಳೂ ಸುಮ್ಮನಾಗುತ್ತಿದ್ದವು. ಅವರ ಕೈಯಲ್ಲಿ ಒಂದು ಫಟಫಟಿ, ಅಂದರೆ ಮೋಟರ್ ಸೈಕಲ್, ಇತ್ತು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಅಮೆರಿಕದ ಮಿಲಿಟರಿ ಮಾಲು. ಹಸಿರು ಬಣ್ಣ, ಎಮ್ಮೆಯ ತೂಕ, ಮೊರದಷ್ಟು ಅಗಲದ ತೊಗಲಿನ ಸೀಟು, ಆ ಸೀಟಿನ ಕೆಳಗೆ ಬ್ಯಾಟರಿ. ಈ ಬ್ಯಾಟರಿಯೇ ಅದರ ಜೀವ. ಅದು ಇಳಿದರೆ ಒದ್ದವನ ಮೊಣಕಾಲು ಹೋಗುತ್ತದೆಯೇ ಹೊರತು ಎಂಜಿನ್ ಏಳುವುದಿಲ್ಲ.

ವಕೀಲರ ಬಗ್ಗೆ ಒಂದು ಒಳ್ಳೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ದಾರಿಯಲ್ಲಿ ನಡೆದು ಹೋಗುವವರು ಯಾರು ಕಂಡರೂ ಗಾಡಿ ನಿಲ್ಲಿಸಿ ಹಿಂದೆ ಕೂಡಿಸಿಕೊಳ್ಳುತ್ತಿದ್ದರು. ಯಾವ ಜಾತಿ, ಯಾವ ಕೇರಿ ಎಂದು ಕೇಳುತ್ತಿರಲಿಲ್ಲ. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅಂತೂರ ಬೆಂತೂರ ಹಳ್ಳಿಯ ಹೊರಗೇರಿಯ ಮುದುಕನೊಬ್ಬ, ವಕೀಲರ ಸೊಂಟ ಹಿಡಿದು ಗದಗಿನ ತನಕ ಬಂದೆ ಎಂದು ಸಾಯುವವರೆಗೂ ಹೇಳಿಕೊಂಡು ತಿರುಗಿದ. ಅದನ್ನು ಕಂಡೇ ನಾನೂ ಅವರ ಹಿಂದೆ ಬಿದ್ದದ್ದು. ಅವರ ಗಾಡಿಯ ಕೆಲಸಕ್ಕೆ ಕೂಲಿ ಮುಟ್ಟುತ್ತಿರಲಿಲ್ಲ.

ಹಾಗೆಂದು ಅವರನ್ನು ಬಿಟ್ಟವನೂ ಅಲ್ಲ. ಒಂದು ಸಭೆಯ ಹೊತ್ತಿಗೆ ಸೈಲೆನ್ಸರಿನೊಳಗೆ ಬದನೆಕಾಯಿ ತುರುಕಿದ್ದೆ. ವಕೀಲರು ಭಾಷಣ ಮುಗಿಸಿ ಬಂದು ಒದ್ದರು, ಒದ್ದರು, ಕೊನೆಗೆ ಬದನೆಕಾಯಿ ಫಿರಂಗಿಯ ಗುಂಡಿನ ಹಾಗೆ ಹಾರಿ ಊರ ಸಾಹುಕಾರರ ತಲೆಯ ಪಟಗಕ್ಕೆ ಬಡಿಯಿತು. ಜನ ಅದನ್ನೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ವಕೀಲರೂ ನಕ್ಕಿದ್ದರು. ಆ ಬದನೆಕಾಯಿ ಆಮೇಲೆ ಸಾಕ್ಷಿಯಾಗಿ ನನ್ನ ಕೊರಳಿಗೇ ಬಂತು.

ಆ ವರ್ಷ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಜಿಟಿಜಿಟಿ ಹನಿ, ಎರೆಮಣ್ಣಿನ ರಸ್ತೆ ಎಲ್ಲ ಹಿಟ್ಟಿನ ಹಾಗೆ ನಾದಿಹೋಗಿತ್ತು. ಹೊಲದಲ್ಲಿ ಹೆಸರುಕಾಯಿ ಬಿಡಿಸುವವರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಗ್ಗಿರುತ್ತಿದ್ದರು. ಅಲ್ಲಿಯ ತನಕ ವಕೀಲರ ಫಟಫಟಿ ಗದಗಿನ ಅವರ ದೊಡ್ಡ ಮನೆಯ, ಅಂದರೆ ವಾಡೆಯ, ಹೊರಗೆ ಬೇವಿನ ಮರದಡಿ ನಿಲ್ಲುತ್ತಿತ್ತು. ಮಳೆಗೆ ನೆನೆಯಬಾರದೆಂದು ಅದನ್ನು ವಾಡೆಯೊಳಗೆ, ಆಕಳು ಕಟ್ಟುವ ಕಡೆ, ಮಾಡಿನ ಕೆಳಗೆ ನಿಲ್ಲಿಸತೊಡಗಿದರು.

ಅದರ ಬೆನ್ನಿಗೇ ಒಂದು ಮುಂಜಾನೆ ಗಾಡಿ ಏಳಲಿಲ್ಲ. ಬ್ಯಾಟರಿ ಸತ್ತು ಮಲಗಿತ್ತು. ಚಾರ್ಜ್ ಮಾಡಿ ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಸತ್ತಿತು. ಗಾಡಿ ಓಡುವಾಗ ಡೈನಮೋ ಬ್ಯಾಟರಿಗೆ ಊಟ ಹಾಕುತ್ತದೆ. ನಿಂತಾಗ ಆ ಊಟ ವಾಪಸು ಹರಿಯದಂತೆ ಕಟೌಟ್ ಎಂಬ ಸಣ್ಣ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಬಾಗಿಲು ಅಂಟಿಕೊಂಡಿರಬೇಕು ಎಂದೆ, ಎದೆ ತಟ್ಟಿ ಹೇಳಿದೆ. ಬಿಚ್ಚಿ, ಉಸುಕಿನ ಕಾಗದದಿಂದ ತಿಕ್ಕಿ, ಕನ್ನಡಿಯ ಹಾಗೆ ಮಾಡಿದೆ. ‘ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ಕೆಡಂಗಿಲ್ರಿ’ ಎಂದೆ.

ಮರುದಿನವೇ ಶಿರಹಟ್ಟಿಯಲ್ಲಿ ದೊಡ್ಡ ಸಭೆ ಇತ್ತು. ಮುಂಜಾನೆ ವಕೀಲರು ಒದ್ದರು. ಗಾಡಿ ಕೆಮ್ಮಲೂ ಇಲ್ಲ. ಮಳೆಗೆ ಬಸ್ಸು ಬಂದಿರಲಿಲ್ಲ. ಶಿರಹಟ್ಟಿಯಲ್ಲಿ ಜನ ಕೊಪ್ಪೆ ಹೊದ್ದುಕೊಂಡು ಮಧ್ಯಾಹ್ನದವರೆಗೆ ಕಾದು, ಕೊನೆಗೆ ಬೈದು ಎದ್ದು ಹೋದರಂತೆ. ಒಂದಾಗುವುದು ಬೇಡ ಎನ್ನುತ್ತಿದ್ದವರು ಅಲ್ಲಿ ಮಂಡಕ್ಕಿ ಹಂಚಿ ನಕ್ಕರು ಎಂದು ಸುದ್ದಿ ಬಂತು. ಅವತ್ತಿನಿಂದ ವಕೀಲರು ನನ್ನೊಡನೆ ಮಾತಾಡುವಾಗ ನನ್ನ ಕಣ್ಣು ಬಿಟ್ಟು ನನ್ನ ಕೈ ನೋಡತೊಡಗಿದರು.

ನಾನು ಬ್ಯಾಟರಿಯನ್ನೇ ಕಿತ್ತು ಗ್ಯಾರೇಜಿಗೆ ತಂದೆ. ಅದರ ಮುಚ್ಚಳ ಮುಂಡರಗಿ ರಸ್ತೆಯ ಕುಲುಕಿಗೆ ಎಂದೋ ಬಿದ್ದುಹೋಗಿತ್ತು. ಸೀಟಿನ ಸ್ಪ್ರಿಂಗು ಬ್ಯಾಟರಿಗೆ ಬಡಿಯಬಾರದೆಂದು ವಕೀಲರು ಮನೆಯ ಹಳೆಯ ಧಾಬಳಿಯ ಒಂದು ತುಣುಕನ್ನು, ಮಡಿಗೆ ಉಡುವ ಉಣ್ಣೆಯ ಬಟ್ಟೆ ಅದು, ಮಡಿಚಿ ಮೇಲೆ ಹಾಸಿದ್ದರು. ಅದು ತೊಯ್ದಿತ್ತು. ಮಳೆ ನೀರು ಎಂದುಕೊಂಡು ಹಿಂಡಿ ಗಾಡಿಯಲ್ಲೇ ಬಿಟ್ಟೆ. ವಾಸನೆ ಬಂತು, ಆಕಳು ಕಟ್ಟುವ ಜಾಗದಲ್ಲಿ ಮಲ್ಲಿಗೆಯ ವಾಸನೆ ಬರುತ್ತದೆಯೇ ಎಂದುಕೊಂಡೆ. ಗದಗಿನಲ್ಲಿ ನನ್ನಷ್ಟು ಚುರುಕು ಮೂಗಿನವನು ಇನ್ನೊಬ್ಬನಿರಲಿಲ್ಲ. ಆ ಮೂಗನ್ನು ಅವತ್ತು ಕೊಯ್ದು ಕಾಗೆಗೆ ಹಾಕಬೇಕಿತ್ತು.

ಗ್ಯಾರೇಜಿನಲ್ಲಿ ಬ್ಯಾಟರಿಯ ತಲೆಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಚಾರ್ಜ್ ಮಾಡಿ, ಹಲಗೆಯ ಮೇಲೆ ಸುಮ್ಮನೆ ಇಟ್ಟೆವು. ದಿನ ಹೋದವು, ಅದು ಗಟ್ಟಿಯಾಗಿಯೇ ಇತ್ತು. ಬಲ್ಬು ಹಚ್ಚಿದರೆ ಕಣ್ಣು ಕುಕ್ಕುತ್ತಿತ್ತು. ‘ಬ್ಯಾಟರ್‍ಯಾಗ ಏನೂ ದೋಷ ಇಲ್ಲ’ ಎಂದ ದಾವಲಸಾಬ. ಗಾಡಿಗೆ ಹಾಕಿದೆವು. ಮರುದಿನದ ಮರುದಿನ ಸತ್ತಿತು.

ಹಾಗಾದರೆ ಗಾಡಿಯೇ ಎಲ್ಲೋ ಕದ್ದು ಕುಡಿಯುತ್ತಿದೆ. ಕಳ್ಳನನ್ನು ಹಿಡಿಯುವ ಉಪಾಯ ನನಗೆ ಗೊತ್ತಿತ್ತು, ಅದನ್ನು ನಾಲ್ಕು ಮಂದಿಯ ಮುಂದೆ ಮಾಡಿ ತೋರಿಸುವ ಚಪಲವೂ ಇತ್ತು. ವಾಡೆಯ ಅಂಗಳಕ್ಕೆ ಓಣಿಯ ಹಿರಿಯರನ್ನು ಕರೆಸಿದೆ. ಮತ್ತೆ ಚಾರ್ಜ್ ಮಾಡಿ ತಂದ ಬ್ಯಾಟರಿಯ ಒಂದು ತಂತಿ ಬಿಚ್ಚಿ, ಬಿಚ್ಚಿದ ಜಾಗದಲ್ಲಿ ಒಂದು ಸಣ್ಣ ಬಲ್ಬು ಸೇರಿಸಿದೆ. ಎಲ್ಲ ಸ್ವಿಚ್ಚು ಬಂದ್ ಇದ್ದಾಗ ಗಾಡಿಯ ಯಾವುದಾದರೂ ತಂತಿ ಕರೆಂಟು ಕುಡಿಯುತ್ತಿದ್ದರೆ, ಅದು ಈ ಬಲ್ಬಿನ ಮೂಲಕವೇ ಹೋಗಬೇಕು, ಬಲ್ಬು ಮಿಣುಕಬೇಕು. ಆಮೇಲೆ ದೀಪದ ತಂತಿ, ಹಾರ್ನಿನ ತಂತಿ, ಡೈನಮೋ ತಂತಿ ಎಂದು ಒಂದೊಂದೇ ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ಬಲ್ಬು ಆರುತ್ತದೋ ಅದೇ ಕಳ್ಳ. ಹೀಗೆಲ್ಲ ಭಾಷಣ ಮಾಡಿ ಬಲ್ಬು ಹಿಡಿದೆ.

ಬಲ್ಬು ಮಿಣುಕಲೇ ಇಲ್ಲ. ತಂತಿ ಅಲುಗಾಡಿಸಿದೆ, ಹ್ಯಾಂಡಲ್ ತಿರುಗಿಸಿದೆ, ಗಾಡಿಯನ್ನೇ ಕುಲುಕಿದೆ. ಬಲ್ಬು ಕುರುಡನ ಕಣ್ಣಿನ ಹಾಗೆ ನನ್ನನ್ನೇ ನೋಡುತ್ತಿತ್ತು. ಹಿರಿಯರು ಮುಖ ಮುಖ ನೋಡಿಕೊಂಡರು. ಒಳಬಾಗಿಲ ಸಂದಿಯಿಂದ ವಕೀಲರ ತಾಯಿ ತುಂಗಜ್ಜಿಯೂ ಕತ್ತು ಚಾಚಿ ನೋಡುತ್ತಿದ್ದಳು.

ವಕೀಲರು ಕೋರ್ಟಿನ ದನಿ ತೆಗೆದರು.

‘ಗಾಡ್ಯಾಗ ಎಲ್ಲೂ ಕರೆಂಟು ಸೋರೂದಿಲ್ಲ. ಹೌದೋ, ಅಲ್ಲೋ?’

‘ಹೌದ್ರಿ.’

‘ನಿಮ್ಮ ಅಂಗಡ್ಯಾಗ ಇದ್ದಾಗ ಬ್ಯಾಟರಿ ಗಟ್ಟಿ ಇತ್ತು. ಹೌದೋ, ಅಲ್ಲೋ?’

‘ಹೌದ್ರಿ, ಆದರ...’

‘ಆದರ ಗೀದರ ಬ್ಯಾಡ. ಗಾಡಿ ಚಲೋ ಅದ, ಬ್ಯಾಟರಿ ಚಲೋ ಅದ. ಉಳದದ್ದು ಮನಷ್ಯಾನ ಕೈ. ಈ ಊರಾಗ ಬ್ಯಾಟರಿ ಇಳಿಸಲಿಕ್ಕೆ ಬರೋ ಕೈ ಎಷ್ಟವ? ಒಂದು ದಾವಲಸಾಬಂದು. ಇನ್ನೊಂದು?’

‘ಇನ್ನೊಂದು ನಂದ್ರಿ’ ಎಂದೆ. ಹೇಳುವಾಗ ಒಳಗೊಳಗೇ ಹೆಮ್ಮೆಯೂ ಆಯಿತು ನೋಡಿ. ಅಂಥ ಮೂರ್ಖ ನಾನು. ನನ್ನ ಬಲ್ಬು ನನ್ನನ್ನೇ ಕಳ್ಳನೆಂದು ತೋರಿಸಿತ್ತು, ಮತ್ತು ನಾನು ಎದೆ ಉಬ್ಬಿಸಿ ಒಪ್ಪಿಕೊಂಡಿದ್ದೆ. ಹಿರಿಯರು ಬದನೆಕಾಯಿಯನ್ನು ನೆನೆಸಿಕೊಂಡರು, ಎತ್ತಿನ ಮಚ್ಚೆಯನ್ನು ನೆನೆಸಿಕೊಂಡರು, ತಲೆಯಾಡಿಸುತ್ತ ಎದ್ದುಹೋದರು. ಆಣೆ ಇಟ್ಟೆ. ಗುಂಡ್ಯಾನ ಆಣೆ ಎಂದು ಒಬ್ಬರು ಅಲ್ಲೇ ಉಗುಳಿದರು.

ಅಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ವರ್ಷ ಹಲ್ಲು ಕಡಿಯುತ್ತಿರಲಿಲ್ಲ. ಕಡಿಯಲು ಹಲ್ಲೂ ಉಳಿದಿಲ್ಲ, ಅದು ಬೇರೆ. ಭಾದ್ರಪದದಲ್ಲಿ ವಕೀಲರು ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಹೋಗಿ ಸಭೆ ಮಾಡಿದರು. ಶಿರಹಟ್ಟಿಗೆ ಯಾಕೆ ಬರಲಿಲ್ಲ ಎಂದು ಅಲ್ಲಿ ಯಾರೋ ಎದ್ದು ಕೇಳಿದರಂತೆ. ನಮ್ಮ ಗಾಡಿಯ ರಕ್ತ ಹೀರಲು ವಿರೋಧಿಗಳು ಒಬ್ಬನನ್ನು ಇಟ್ಟಿದ್ದಾರೆ, ಅವನು ಈ ಊರಿನವನೇ, ದೇವರ ಪೂಜೆ ಮಾಡುವವರ ಮಗ, ಕನ್ನಡದ ಹೊಟ್ಟೆಯಲ್ಲಿ ಹುಟ್ಟಿದ ದ್ರೋಹಿ ಎಂದು ವಕೀಲರು ಕಟ್ಟೆಯ ಮೇಲೆ ನಿಂತು ಹೇಳಿದರು. ಕೆಳಗೆ ಮೂರನೆಯ ಸಾಲಿನಲ್ಲಿ ಅಪ್ಪ ಕೂತಿದ್ದ.

ಅಪ್ಪ ಮರುದಿನವೇ ಗದಗಿಗೆ ಬಂದ. ಗ್ಯಾರೇಜಿನ ಒಳಗೆ ಬರಲಿಲ್ಲ, ಎಣ್ಣೆ ತಗಲುತ್ತದೆಂದು ಧೋತರದ ಚುಂಗು ಎತ್ತಿ ಹಿಡಿದು ರಸ್ತೆಯಲ್ಲೇ ನಿಂತ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

‘ನಿನ್ನೆ ಸಂಜೀಕೆ ಆರತಿ ಆದ ಮ್ಯಾಲೆ ತೀರ್ಥದ ಬಟ್ಟಲಾ ಹಿಡದು ನಿಂತೆ. ಯಾರೂ ಕೈ ಚಾಚಲಿಲ್ಲೋ ಗುಂಡೂ’ ಎಂದ. ‘ನೀ ಮಾಡಿದ್ರ ಹೇಳಿಬಿಡು, ನಾ ಪಾಳಿ ಬಿಡತೇನಿ. ಮಾಡಿಲ್ಲಂದ್ರ ಯಾರು ಮಾಡ್ಯಾರ ತೋರಸು. ಬರೇ ಇಲ್ಲ ಅಂದ್ರ ಜನ ಕೇಳೂದಿಲ್ಲ.’

ನಾಲ್ಕು ತಲೆಮಾರಿನಿಂದ ಆ ಬಟ್ಟಲು ನಮ್ಮ ಮನೆಯವರ ಕೈಯಲ್ಲಿತ್ತು. ಅಪ್ಪನಿಗೆ ಬೇರೆ ವಿದ್ಯೆಯೂ ಗೊತ್ತಿಲ್ಲ, ಬೇರೆ ಆಸೆಯೂ ಇಲ್ಲ. ಅವನು ತಿರುಗಿ ಬಸ್ಸಿನ ಕಡೆ ನಡೆದ. ದಾವಲಸಾಬ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ಅವನೂ ಅವತ್ತು ಕಣ್ಣು ತಪ್ಪಿಸಿ, ಗಿರಾಕಿಗಳು ಹೆದರುತ್ತಿದ್ದಾರೆ, ಕೆಲವು ದಿನ ಅಂಗಡಿಗೆ ಬರಬೇಡ ಎಂದ. ‘ಖರೆ ಹೇಳು, ಚಾಷ್ಟಿಗಿ ಅಂತ ಏನರ ಮಾಡೀಯೇನು?’ ಎಂದೂ ಕೇಳಿದ. ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನವನ್ನು ನೆಲಕ್ಕೆ ಬಡಿದು ಹೊರಬಿದ್ದೆ.

ಎಲ್ಲಿ ಹೋಗಲಿ? ಚಹಾದ ಅಂಗಡಿಯಲ್ಲಿ ಕೂತರೆ ಪಕ್ಕದವರು ಏಳುತ್ತಿದ್ದರು. ತಲೆಯಲ್ಲಿ ಒಂದೇ ಯೋಚನೆ: ಈ ವಕೀಲರ ಎದುರು ನಿಂತು, ಇನ್ನೊಮ್ಮೆ ದ್ರೋಹಿ ಎನ್ನಿ, ನೋಡೋಣ ಎಂದು ಕೇಳಬೇಕು. ಹೊಡೆಯಬೇಕೆಂದೇ ಹೋದೆ, ಸುಳ್ಳು ಯಾಕೆ ಹೇಳಲಿ. ಸಂಜೆಯಾಗಿತ್ತು, ಹಿತ್ತಲ ಬಾಗಿಲು ತೆರೆದಿತ್ತು. ವಕೀಲರು ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಿಸಿಕೊಂಡು, ಆಗಷ್ಟೇ ಊರು ಸುತ್ತಿ ಬಂದು ಸ್ನಾನಕ್ಕೆ ಬಚ್ಚಲಿಗೆ ಹೋಗಿದ್ದರು. ಫಟಫಟಿ ಮಾಡಿನ ಕೆಳಗೆ ಬಿಸಿಯಾಗಿ ಟಿಕ್ ಟಿಕ್ ಎನ್ನುತ್ತ ನಿಂತಿತ್ತು. ಅವರು ಬರಲಿ ಎಂದು ನಾನು ಮೇವಿನ ಬಣವೆಗೆ ಒರಗಿ ಕೂತೆ.

ಒಳಗಿನಿಂದ ತುಂಗಜ್ಜಿ ಬಂದಳು. ಕೆಂಪು ಸೀರೆ, ತಲೆ ತುಂಬ ಸೆರಗು, ಕೈಯಲ್ಲಿ ತುಂಬಿದ ತಾಮ್ರದ ತಂಬಿಗೆ. ನನ್ನನ್ನು ನೋಡಲಿಲ್ಲ. ನೇರವಾಗಿ ಫಟಫಟಿಯ ಹತ್ತಿರ ಹೋಗಿ, ಬಾಯಲ್ಲಿ ಏನೋ ಗುಣುಗುತ್ತ, ತಂಬಿಗೆಯನ್ನು ಸೀಟಿನ ಮೇಲೆ ಬಗ್ಗಿಸಿದಳು. ಹಿಂದಿನ ಸೀಟಿಗೊಂದಿಷ್ಟು, ಮುಂದಿನ ಸೀಟಿಗೆ ಬಹಳಷ್ಟು, ಲಿಂಗಕ್ಕೆ ಅಭಿಷೇಕ ಮಾಡಿದ ಹಾಗೆ ಸುತ್ತಲೂ. ಅದು ತೊಗಲಿನ ಮೇಲಿಂದ ಹರಿದು, ಅಂಚಿನಿಂದ ತೊಟ್ಟಿಕ್ಕಿ, ಸ್ಪ್ರಿಂಗಿನ ಸಂದಿಯಿಂದ ಕೆಳಗಿಳಿಯುವುದನ್ನು ನಾನು ಕೂತಲ್ಲಿಂದಲೇ ಕಂಡೆ. ವಾಸನೆ ಬಂತು. ಗೋಮೂತ್ರ.

ಎದ್ದು ನಿಂತೆ.

‘ಅಜ್ಜೀ, ಏನ್ ಮಾಡಾಕತ್ತೀರಿ?’

‘ದೂರ ನಿಲ್ಲಪಾ, ಮಡ್ಯಾಗ ಇದ್ದೀನಿ’ ಎಂದಳು. ‘ಮಾಡೂದೇನು, ಶುದ್ಧಿ. ತೊಗಲಿನ ಗಾದಿ ಇದು. ಯುದ್ಧದಾಗ ಯಾರ್‍ಯಾರು ಇದರ ಮ್ಯಾಲೆ ಕೂತು ಸತ್ತಾರೋ. ಮ್ಯಾಲೆ ನಮ್ಮವ ಊರೂರು ತಿರಗಿ ಕಂಡಕಂಡವರನ್ನ ಹಿಂದ ಕೂಡಿಸ್ಕೊಂಡು ಬರ್ತಾನ. ಹಂಗ ತಂದು ನನ್ನ ಗೌರಿ ಮುಂದ ನಿಲ್ಲಸ್ತಾನ.’ ಗೌರಿ ಎಂದರೆ ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಆಕಳು.

‘ದಿನಾ ಹಾಕತೀರೇನು?’

‘ಶ್ರಾವಣದಾಗ ಒಳಗ ತಂದಾಗಿಂದ ಒಂದು ಸಂಜೀನೂ ತಪ್ಪಿಸಿಲ್ಲ.’

‘ನಾನು ಅವತ್ತ ಅಂಗಳದಾಗ ಬಲ್ಬ್ ಹಿಡದು ಕುಂತಾಗ ನೀವು ಅಲ್ಲೇ ಇದ್ರಿ. ಒಂದು ಮಾತು ಹೇಳಬಾರದಿತ್ತೇನ್ರಿ?’

‘ನನ್ನ ಯಾರು ಕೇಳಿದ್ರಪಾ?’ ಎಂದಳು ಅಜ್ಜಿ, ನಿಜವಾಗಿಯೂ ಅಚ್ಚರಿಯಿಂದ.

ಸೀಟು ಎತ್ತಿದೆ. ಧಾಬಳಿಯ ತುಣುಕು ತೊಟತೊಟ ತೊಯ್ದು, ಬ್ಯಾಟರಿಯ ಎರಡೂ ಸೀಸದ ಕಂಬಗಳನ್ನು ತಬ್ಬಿಕೊಂಡು ಕೂತಿತ್ತು. ಅದನ್ನು ಸ್ವಲ್ಪ ಸರಿಸಿದರೆ, ಒಂದು ಕಂಬದ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಅಕ್ಕಿ ಬೇಯುವಾಗ ಏಳುವಂಥವು. ಉಪ್ಪುಪ್ಪಾದ ಆ ನೀರೇ ತಂತಿಯಾಗಿತ್ತು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಕರೆಂಟು ಆ ಬಟ್ಟೆಯ ಮೂಲಕ ರಾತ್ರಿಯಿಡೀ ಹರಿದು ಸುಮ್ಮನೆ ಸುಡುತ್ತಿತ್ತು. ಗಾಡಿಯ ಯಾವ ತಂತಿಗೂ ಅದು ಹೋಗುತ್ತಲೇ ಇರಲಿಲ್ಲ, ಅದಕ್ಕೇ ನನ್ನ ಬಲ್ಬು ಮಿಣುಕಲಿಲ್ಲ. ಗ್ಯಾರೇಜಿನಲ್ಲಿ ತಲೆ ತೊಳೆದು ಇಟ್ಟಾಗ ಗಟ್ಟಿ ಇತ್ತು, ಇಲ್ಲಿಗೆ ಬಂದು ಅಭಿಷೇಕವಾದ ಕೂಡಲೇ ಸಾಯುತ್ತಿತ್ತು. ಎಷ್ಟು ಸುಲಭದ ಲೆಕ್ಕ! ಆ ಧಾಬಳಿಯನ್ನು ಇದೇ ಕೈಯಲ್ಲಿ ಹಿಂಡಿ ಬಿಟ್ಟಿದ್ದೆ.

ವಕೀಲರು ಒದ್ದೆ ಮೈಯಲ್ಲಿ, ಹೆಗಲ ಮೇಲೆ ಪಂಚೆ ಹಾಕಿಕೊಂಡು ಬಂದರು. ಧಾಬಳಿಯನ್ನು ಅವರ ಮೂಗಿಗೆ ಹಿಡಿದೆ, ಬ್ಯಾಟರಿಯ ಗುಳ್ಳೆ ತೋರಿಸಿದೆ, ಅಜ್ಜಿಯ ಕೈಯಲ್ಲಿದ್ದ ತಂಬಿಗೆ ತೋರಿಸಿದೆ. ಅವರು ದಡ್ಡರಲ್ಲ. ಒಂದು ಕ್ಷಣದಲ್ಲಿ ಮುಖ ಬಿಳುಚಿತು. ತಾಯಿಯನ್ನು ಒಳಗೆ ಹೋಗಲು ಹೇಳಿ, ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಆದದ್ದು ಆಯಿತು, ಇದನ್ನು ಇಲ್ಲಿಗೇ ಬಿಟ್ಟುಬಿಡು ಎಂದರು.

‘ಲಕ್ಷ್ಮೇಶ್ವರದಾಗ ಕಟ್ಟಿ ಮ್ಯಾಲೆ ನಿಂತು ದ್ರೋಹಿ ಅಂದೀರಿ. ಹಂಗ ಕಟ್ಟಿ ಮ್ಯಾಲೆ ನಿಂತು ಅಲ್ಲ ಅನ್ರಿ’ ಎಂದೆ.

‘ಹ್ಯಾಂಗ ಅನ್ನಲೋ? ಬ್ಯಾಟರಿ ಯಾಕ ಇಳೀತು ಅಂತ ಕೇಳ್ತಾರ. ಅಂತೂರ ಬೆಂತೂರದ ಮಂದಿ, ಮುಂಡರಗಿ ಮಂದಿ ಎಲ್ಲಾ ನನ್ನ ಹಿಂದ ಕೂತಾರ. ಅವರು ಇಳದ ಮ್ಯಾಲೆ ಮನ್ಯಾಗ ಸೀಟು ತೊಳೀತಾರ ಅಂತ ಗೊತ್ತಾದ್ರ, ಮತ್ತ ನನ್ನ ಮಾತು ಯಾರು ಕೇಳ್ತಾರ?’

‘ಹೊರಗ ಎಲ್ಲಾರೂ ಒಂದ ಮನಿ ಅಂತೀರಿ. ನಿಮ್ಮ ಮನ್ಯಾಗ ಸೀಟಿಗೂ ಮೈಲಿಗಿ ಐತಿ. ಅದಕ್ಕ ನಮ್ಮಪ್ಪನ ತೀರ್ಥ ಯಾಕ ಚೆಲ್ಲಬೇಕ್ರಿ?’

ವಕೀಲರು ನನ್ನನ್ನು ಬಿಟ್ಟು ಆಕಳ ಕಡೆ ತಿರುಗಿದರು. ತಮಗೆ ಗೊತ್ತಿರಲಿಲ್ಲ ಎಂದರು. ಅದು ಖರೆ ಇರಬಹುದು. ಗೊತ್ತಾಗುವಷ್ಟು ಹೊತ್ತು ಅವರು ಮನೆಯಲ್ಲಿ ಇದ್ದದ್ದಾದರೂ ಯಾವಾಗ? ದಸರೆಯ ಮುಂದೆ ಮುಂಡರಗಿಯಲ್ಲಿ ಸಭೆಯಿದೆ, ಲಕ್ಷ್ಮೇಶ್ವರದವರೂ ಬರುತ್ತಾರೆ, ಅಲ್ಲಿ ಹೇಳುತ್ತೇನೆ ಎಂದರು. ಗಾಡಿ ಅಲ್ಲಿಯ ತನಕ ಮುಟ್ಟುವ ಹಾಗೆ ಮಾಡಿಕೊಡು ಎಂದೂ ಸೇರಿಸಿದರು. ವಕೀಲರಲ್ಲವೇ.

ದಾವಲಸಾಬನಿಗೆ ಎಲ್ಲ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ಅವನು ಕೈಗೆ ಹತ್ತಿದ ಗ್ರೀಸನ್ನು ಚಿಂದಿಗೆ ಒರೆಸುತ್ತಲೇ ಇದ್ದ, ಗ್ರೀಸು ಹೋದ ಮೇಲೂ.

‘ಬ್ರೇಕ್ ನೋಡಾಕ ಅಂತ ಸ್ಟೇಷನ್ ತನಕ ನಾನೂ ಅದರ ಮ್ಯಾಲೆ ಕುಂತು ಹೋಗಿ ಬಂದಿದ್ದೆ’ ಎಂದ. ‘ಅವತ್ತ ಸಂಜೀಕ ಒಂದು ತಂಬಿಗಿ ಹೆಚ್ಚಿಗಿ ಬಿದ್ದಿರಬೇಕು.’

ಮತ್ತೆ ಆ ವಿಷಯ ಅವನು ಎತ್ತಲಿಲ್ಲ. ನನ್ನ ಪಾನವನ್ನು ಎಲ್ಲಿಂದಲೋ ಹುಡುಕಿ ತಂದು ನನ್ನ ಮುಂದೆ ಇಟ್ಟ. ಬಾ ಎಂದು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೆಲಸಕ್ಕೆ ಕೂತೆ.

ಗಾಡಿಯನ್ನು ಸರಿಮಾಡಿದೆ. ಬ್ಯಾಟರಿಯ ತಲೆಯನ್ನು ಸೋಡಾ ನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸಿ, ಕಂಬಗಳಿಗೆ ಗ್ರೀಸು ಬಳಿದೆ. ಲಾರಿಯ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಮೇಲೆ ಹಾಸಿ, ಚಿಮಣಿ ಎಣ್ಣೆಯ ಡಬ್ಬಿಯ ತಗಡಿನಿಂದ ಇಳಿಜಾರಾದ ಮುಚ್ಚಳ ಮಾಡಿದೆ. ಮೇಲಿನಿಂದ ತುಂಗಭದ್ರೆಯನ್ನೇ ಸುರಿದರೂ ಒಂದು ಹನಿ ಒಳಗೆ ಇಳಿಯದಂಥದ್ದು. ಅಂಥ ಮುಚ್ಚಳ ಅಮೆರಿಕದವರೂ ಮಾಡಿರಲಿಕ್ಕಿಲ್ಲ. ಅಜ್ಜಿ ಶುದ್ಧಿ ಬಿಡಲಿಲ್ಲ, ಬಿಡಿಸಲು ವಕೀಲರಿಗೆ ಧೈರ್ಯವಾಗಲಿಲ್ಲ. ಬ್ಯಾಟರಿ ಮತ್ತೆ ಇಳಿಯಲಿಲ್ಲ.

ಮುಂಡರಗಿಯ ಸಭೆಯ ದಿನ ಮಳೆ ನಿಂತಿತ್ತು. ಹಿಂಗಾರಿನ ಬಿತ್ತನೆಗೆ ಹದವಾದ ಕಪ್ಪು ಹೊಲಗಳು, ತೊಳೆದಂಥ ಆಕಾಶ. ಅಪ್ಪನನ್ನು ಒತ್ತಾಯ ಮಾಡಿ ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸಿದ್ದೆ. ವಕೀಲರು ಕಟ್ಟೆ ಹತ್ತಿದರು. ಮಾತಿನ ನಡುವೆ ತಟ್ಟನೆ ನಿಂತು, ಅಪ್ಪನ ಕಡೆ ತಿರುಗಿ ಕೈಮುಗಿದರು. ‘ನನ್ನ ಗಾಡಿ ಕೆಡಿಸಿದವ ಗುಂಡೋ ಅಲ್ಲ. ನನ್ನ ಮನಿ ಮಡಿ ಅದನ್ನ ಕೆಡಿಸಿತು. ನನ್ನ ಹಿಂದ ಕೂತವರೆಲ್ಲಾ ನನ್ನನ್ನ ಕ್ಷಮಿಸಬೇಕು’ ಎಂದರು. ಅಂತೂರ ಬೆಂತೂರದ ಮುದುಕ ಮೊದಲು ಎದ್ದು ನಿಂತ. ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ಎಲ್ಲಿ, ಬೆರಳಿಡಿ. ಗೋಮೂತ್ರದ ಮೇಲೆ ಇಟ್ಟಿರಾ? ಗುಳ್ಳೆಯ ಮೇಲೆ? ಅವೆಲ್ಲ ಖರೆ. ನಾನು ಹುಟ್ಟಿಸಿದ್ದು ಮುಂಡರಗಿಯ ಆ ಕ್ಷಮೆಯೊಂದನ್ನೇ.

ವಕೀಲರು ಹೇಳಲಿಲ್ಲ. ಕಟ್ಟೆಯ ಮೇಲೆ ಸೂರ್ಯ ಇಳಿಯುವ ತನಕ ಮಾತಾಡಿದರು. ಕನ್ನಡದ ಮಕ್ಕಳೆಲ್ಲ ಒಂದೇ ತಾಯಿಯ ಮಕ್ಕಳು ಎಂದಾಗ ಜನ ಎದ್ದು ನಿಂತು ಕೂಗಿದರು, ನಾನೂ ಕೂಗಿದೆ, ಮುಂದಿನ ಮಾತು ನನ್ನ ಬಗ್ಗೆಯೇ ಇರಬೇಕು ಎಂದು. ಮುಂದಿನದು ವಂದನಾರ್ಪಣೆ. ಆಮೇಲೆ ನಾನೇ ಊರೂರಲ್ಲಿ ಹೇಳಿಕೊಂಡು ತಿರುಗಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಗುಂಡ್ಯಾ ಗೋಮೂತ್ರದ ಹೊಸ ಕತೆ ಕಟ್ಟಿದ್ದಾನೆ ಎಂದು. ನಂಬಿದವನು ಅಪ್ಪ ಒಬ್ಬನೇ. ನಂಬಿದರೂ ಆ ವರ್ಷವೇ ಪೂಜೆಯ ಪಾಳಿಯನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟ, ಸಾಯುವ ತನಕ ಬಟ್ಟಲು ಮುಟ್ಟಲಿಲ್ಲ. ಮುಂದೆ ರಾಜ್ಯ ಒಂದಾಯಿತು. ಗದಗಿನ ಮೆರವಣಿಗೆಯ ತಲೆಗೆ ಅದೇ ಫಟಫಟಿ ಇತ್ತು.

ಮುಂಡರಗಿಯಲ್ಲಿ ಅವತ್ತು ಸಭೆ ಮುಗಿದ ಮೇಲೆ ನಾನು ಗಾಡಿಯ ಹತ್ತಿರವೇ ಹೋಗಿ ನಿಂತಿದ್ದೆ. ವಕೀಲರು ಹಾರ ತೆಗೆಯುತ್ತ ಬಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನ ಕೈಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಮೊಣಕಾಲಿನ ತನಕ ಕೆಸರಾಗಿದ್ದ ಒಬ್ಬ ರೈತನನ್ನು, ‘ಬರ್ರಿ, ಕುಂಡ್ರಿ, ನಿಮ್ಮೂರಿಗೆ ಬಿಡ್ತೀನಿ’ ಎಂದು ಹಿಂದೆ ಹತ್ತಿಸಿಕೊಂಡರು. ಆಮೇಲೆ ಕಾಲೆತ್ತಿ ಒದ್ದರು.

ಒಂದೇ ಒದೆತಕ್ಕೆ ಎದ್ದಿತು. ನಾನು ಮಾಡಿದ ಗಾಡಿ, ಏಳದೆ ಏನು.